ತಪ್ಪು ವಾದಕರದೋ, ಕಾಗದದ್ದೋ? ಊದುವಾದ್ಯಗಳ ಬ್ಯಾಂಡಿಗೆ ಬರೆದ ಸಂಯೋಜನೆಯ ದೋಷ ನಿವಾರಣೆ

ಊದುವಾದ್ಯಗಳ ಬ್ಯಾಂಡಿಗಾಗಿ ಬರೆದ ಸಂಯೋಜನೆಯೊಂದು ಮೊದಲ ತಾಲೀಮಿನಲ್ಲಿ ಕೆಟ್ಟು ಕೇಳಿಸಿದಾಗ ದೂರು ಬಹುಮಟ್ಟಿಗೆ ವಾದಕರ ಮೇಲೆಯೇ ಬರುತ್ತದೆ: ಅಭ್ಯಾಸ ಸಾಲದು, ಶ್ರುತಿಜ್ಞಾನವಿಲ್ಲ, ಉಸಿರು ನಿಲ್ಲುವುದಿಲ್ಲ. ನಾನು ಕಂಡಂತೆ ಇಂತಹ ದೋಷಗಳಲ್ಲಿ ಹೆಚ್ಚಿನವು ವಾದಕರ ತುಟಿಯಲ್ಲಾಗಲಿ ಬೆರಳಿನಲ್ಲಾಗಲಿ ಇರುವುದಿಲ್ಲ. ಸಂಯೋಜಕನು ಬರೆದುಕೊಟ್ಟ ಕಾಗದದಲ್ಲಿರುತ್ತವೆ. ಕಾಗದದ ದೋಷವನ್ನು ಅಭ್ಯಾಸದಿಂದ ಸರಿಪಡಿಸಲು ಹೊರಟರೆ ವಾರಗಟ್ಟಲೆ ಶ್ರಮ ವ್ಯರ್ಥವಾಗುತ್ತದೆ, ಜೊತೆಗೆ ಎಳೆಯ ವಾದಕರಲ್ಲಿ ತಮ್ಮ ಬಗ್ಗೆಯೇ ಅಪನಂಬಿಕೆ ಬೆಳೆಯುತ್ತದೆ. ಆದ್ದರಿಂದ ದೋಷವನ್ನು ಯಾವ ಕ್ರಮದಲ್ಲಿ ಹುಡುಕಬೇಕು, ಯಾವ ಲಕ್ಷಣಕ್ಕೆ ಯಾವ ಕಾರಣ, ಅದನ್ನು ಖಚಿತಪಡಿಸಿಕೊಳ್ಳುವ ಪರೀಕ್ಷೆ ಯಾವುದು ಎಂಬುದನ್ನು ನನ್ನದೇ ಒಂದು ಸಂಯೋಜನೆಯ ಉದಾಹರಣೆಯೊಂದಿಗೆ ಇಲ್ಲಿ ಬರೆದಿದ್ದೇನೆ.

ಉದಾಹರಣೆಯ ವಿವರ ಹೀಗಿದೆ. ಕಾಲೇಜೊಂದರ ಬ್ಯಾಂಡಿಗೆ ಮೋಹನ ರಾಗ, ಆದಿತಾಳದ ಒಂದು ದೇವರನಾಮವನ್ನು ನಾನು ಬರೆದುಕೊಟ್ಟಿದ್ದೆ. ಫ್ಲೂಟ್ 2, ಕ್ಲಾರಿನೆಟ್ 6, ಆಲ್ಟೊ ಸ್ಯಾಕ್ಸೊಫೋನ್ 2, ಟೆನರ್ ಸ್ಯಾಕ್ಸೊಫೋನ್ 1, ಟ್ರಂಪೆಟ್ 4, ಹಾರ್ನ್ 2, ಟ್ರಾಂಬೋನ್ 3, ಯುಫೋನಿಯಂ 1, ಟ್ಯೂಬಾ 1, ಜೊತೆಗೆ ಇಬ್ಬರು ಡ್ರಮ್ ವಾದಕರು. ಹಾಡುವವರ ಅನುಕೂಲಕ್ಕೆಂದು ಹಾರ್ಮೋನಿಯಂನ ಬಿಳಿ ಐದು, ಅಂದರೆ ಜಿ ಸ್ವರವನ್ನು ಷಡ್ಜವಾಗಿ ಇಟ್ಟುಕೊಂಡಿದ್ದೆ. ಕಂಪ್ಯೂಟರಿನಲ್ಲಿ ಕೇಳಿಸಿಕೊಂಡಾಗ ಎಲ್ಲವೂ ಸೊಗಸಾಗಿತ್ತು. ತಾಲೀಮಿನಲ್ಲಿ ಮಾತ್ರ ಎರಡು ಹಾಡುಗಳನ್ನು ಒಟ್ಟಿಗೆ ನುಡಿಸಿದಂತೆ ಕೇಳಿಸಿತು. ತಳದಲ್ಲಿ ಗೊರಗೊರ ಸದ್ದು. ಫ್ಲೂಟ್ ಇದೆಯೆಂಬುದೇ ತಿಳಿಯಲಿಲ್ಲ. ಮೂರನೆಯ ನಿಮಿಷಕ್ಕೆ ಟ್ರಂಪೆಟ್ಟುಗಳು ಒಡೆದವು. ಕೇಳಲು ಬಂದಿದ್ದ ಪಿಟೀಲು ವಿದ್ವಾಂಸರೊಬ್ಬರು ಕೊನೆಗೆ ಮೆಲ್ಲಗೆ ಕೇಳಿದರು: "ಮೋಹನ ಎಲ್ಲಿ ಹೋಯ್ತು ಮೇಷ್ಟ್ರೇ?"

ಕಂಪ್ಯೂಟರಿನ ಧ್ವನಿಯನ್ನು ನಂಬಿದ್ದೇ ನನ್ನ ಮೊದಲ ತಪ್ಪು. ಅದಕ್ಕೆ ಉಸಿರು ಬೇಕಿಲ್ಲ, ತುಟಿ ಸೋಲುವುದಿಲ್ಲ, ವಾಲ್ವುಗಳ ಶ್ರುತಿದೋಷವಿಲ್ಲ, ಫ್ಲೂಟಿನ ಕೆಳಸ್ವರವನ್ನೂ ಟ್ರಂಪೆಟ್ಟಿನ ಮೇಲುಸ್ವರವನ್ನೂ ಅದು ಸಮನಾಗಿ ಕೇಳಿಸುತ್ತದೆ. ಸ್ವರಗಳನ್ನು ತಪ್ಪಾಗಿ ಒತ್ತಿದ್ದರೆ ತಿಳಿಯಲು ಅದು ಸಾಕು. ಬ್ಯಾಂಡ್ ಹೇಗೆ ಕೇಳಿಸುತ್ತದೆಂದು ತಿಳಿಯಲು ಸಾಲದು.

ಮೊದಲ ಪರೀಕ್ಷೆ: ಒಂದೇ ಸ್ವರ

ಏನನ್ನೂ ತಿದ್ದುವ ಮೊದಲು ಇಡೀ ಬ್ಯಾಂಡಿನಿಂದ ಒಂದೇ ಸ್ವರವನ್ನು ನುಡಿಸಿ ನೋಡಬೇಕು. ಕೇಳಬೇಕಾದ ಸ್ವರ ಬಿ ಫ್ಲಾಟ್ ಎಂದಿಟ್ಟುಕೊಂಡರೆ ಫ್ಲೂಟ್, ಟ್ರಾಂಬೋನ್ ಮತ್ತು ಟ್ಯೂಬಾ ತಮ್ಮ ಕಾಗದದ ಬಿ ಫ್ಲಾಟನ್ನೇ ನುಡಿಸುತ್ತವೆ. ಬಿ ಫ್ಲಾಟ್ ವಾದ್ಯಗಳಾದ (ಅಂದರೆ ಕಾಗದದ ಸಿ ನುಡಿಸಿದರೆ ಬಿ ಫ್ಲಾಟ್ ಕೇಳಿಸುವ) ಕ್ಲಾರಿನೆಟ್, ಟ್ರಂಪೆಟ್ ಮತ್ತು ಟೆನರ್ ಸ್ಯಾಕ್ಸೊಫೋನುಗಳಿಗೆ ಅದು ಸಿ. ಈ ಫ್ಲಾಟ್ ವಾದ್ಯವಾದ ಆಲ್ಟೊ ಸ್ಯಾಕ್ಸೊಫೋನಿಗೆ ಜಿ. ಎಫ್ ಹಾರ್ನಿಗೆ ಎಫ್. ಬಾಯಿಮಾತಿನಲ್ಲಿ ಹೀಗೆ ಸ್ವರ ಹೇಳಿ ನುಡಿಸಿದಾಗ ಎಲ್ಲರೂ ಒಂದಾಗಿ, ಕಾಗದ ನೋಡಿ ನುಡಿಸಿದ ಕೂಡಲೇ ಬೇರೆಯಾದರೆ ದೋಷ ಕಾಗದದಲ್ಲಿದೆ. ಈ ಒಂದೇ ಸ್ವರದಲ್ಲಿಯೇ ಒಬ್ಬರು ಹೊಂದದಿದ್ದರೆ ವಾದ್ಯದ ಕಡೆ ನೋಡಬೇಕು.

ವಾದ್ಯದ ಕಡೆ ನೋಡುವಾಗ ಹವೆಯನ್ನು ಮರೆಯಬಾರದು. ಗಾಳಿ ಬಿಸಿಯಾದಂತೆ ಶಬ್ದದ ವೇಗ ಹೆಚ್ಚುವುದರಿಂದ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 3 ಸೆಂಟಿನಷ್ಟು ಶ್ರುತಿ ಏರುತ್ತದೆ. ಸೆಂಟ್ ಎಂದರೆ ಒಂದು ಸ್ವರಸ್ಥಾನದ, ಅಂದರೆ ಹಾರ್ಮೋನಿಯಂನ ಪಕ್ಕಪಕ್ಕದ ಎರಡು ಮನೆಗಳ ನಡುವಿನ ಅಂತರದ, ನೂರನೆಯ ಒಂದು ಭಾಗ. ಬೆಳಿಗ್ಗೆ 20 ಡಿಗ್ರಿಯಲ್ಲಿ ಹೊಂದಿಸಿದ ವಾದ್ಯ 30 ಡಿಗ್ರಿಯ ಬಿಸಿಲಿನಲ್ಲಿ ಲೆಕ್ಕದ ಪ್ರಕಾರ 30 ಸೆಂಟ್ ಮೇಲೆ ಹೋಗಬೇಕು. ಕೊಳವೆಯೊಳಗೆ ಉಸಿರಿನ ಬಿಸಿ ಮೊದಲೇ ಇರುವುದರಿಂದ ವಾಸ್ತವದಲ್ಲಿ ಸ್ವಲ್ಪ ಕಡಿಮೆ ಏರುತ್ತದೆ. ಎಲ್ಲ ಊದುವಾದ್ಯಗಳೂ ಒಟ್ಟಾಗಿ ಏರುವುದರಿಂದ ಅವುಗಳೊಳಗೆ ದೊಡ್ಡ ಜಗಳವಾಗುವುದಿಲ್ಲ, ಆದರೆ ಜೊತೆಯಲ್ಲಿ ಕೀಬೋರ್ಡ್ ಅಥವಾ ಶ್ರುತಿಪೆಟ್ಟಿಗೆ ಇದ್ದರೆ ಅಪಸ್ವರ ಸ್ಪಷ್ಟವಾಗಿ ಕೇಳಿಸುತ್ತದೆ. ಇನ್ನೊಂದು ಸಂದರ್ಭವೂ ಉಂಟು. ಹಿಂದೆ ಬ್ರಿಟಿಷ್ ಸೈನ್ಯದ ಬ್ಯಾಂಡುಗಳು ಈಗಿನ 440 ಹರ್ಟ್ಸ್ ಬದಲು ಸುಮಾರು 452 ಹರ್ಟ್ಸಿನ ಎತ್ತರದ ಶ್ರುತಿಯನ್ನು ಬಳಸುತ್ತಿದ್ದವು. ಉಗ್ರಾಣದಿಂದ ತೆಗೆದ ಬಹಳ ಹಳೆಯ ವಾದ್ಯವೊಂದು ಶ್ರುತಿಕೊಳವೆಯನ್ನು ಎಷ್ಟು ಎಳೆದರೂ ಅರ್ಧ ಸ್ವರಸ್ಥಾನದಷ್ಟು ಮೇಲೆಯೇ ನಿಲ್ಲುತ್ತಿದ್ದರೆ, ಅದು ಆ ಶ್ರುತಿಗೆ ಮಾಡಿದ ವಾದ್ಯವೇ ಇರಬಹುದು. ಅದಕ್ಕೆ ಸಂಯೋಜಕನಲ್ಲಿ ಮದ್ದಿಲ್ಲ.

ಎರಡು ಹಾಡು ಒಟ್ಟಿಗೆ ಕೇಳಿಸುವುದು

ಒಂದು ವಿಭಾಗ ಪೂರ್ತಿಯಾಗಿ, ಮೊದಲಿನಿಂದ ಕೊನೆಯವರೆಗೆ, ಉಳಿದವರಿಂದ ಒಂದೇ ಅಂತರದಲ್ಲಿ ಬೇರೆಯಾಗಿ ಕೇಳಿಸಿದರೆ ಅದು ಶ್ರುತಿ ವರ್ಗಾವಣೆಯ, ಅಂದರೆ ಕೇಳಿಸಬೇಕಾದ ಸ್ವರವನ್ನು ಆಯಾ ವಾದ್ಯದ ಕಾಗದದ ಸ್ವರಕ್ಕೆ ಬದಲಿಸಿ ಬರೆಯುವುದರ ತಪ್ಪು. ಅಂತರವನ್ನು ಅಳೆದರೆ ಕಾರಣವೂ ಸಿಗುತ್ತದೆ. ಬಿ ಫ್ಲಾಟ್ ಕ್ಲಾರಿನೆಟ್ ಅಥವಾ ಟ್ರಂಪೆಟ್ ಕಾಗದವನ್ನು ವರ್ಗಾಯಿಸದೆ ಕೊಟ್ಟಿದ್ದರೆ ಅದು 2 ಸ್ವರಸ್ಥಾನ ಕೆಳಗೆ ಕೇಳಿಸುತ್ತದೆ. ಎಫ್ ಹಾರ್ನ್ 7 ಸ್ವರಸ್ಥಾನ ಕೆಳಗೆ. ಆಲ್ಟೊ ಸ್ಯಾಕ್ಸೊಫೋನ್ 9 ಸ್ವರಸ್ಥಾನ ಕೆಳಗೆ. ಟೆನರ್ ಸ್ಯಾಕ್ಸೊಫೋನ್ ಒಂದು ಸ್ಥಾಯಿಯ ಮೇಲೆ ಇನ್ನೂ 2 ಸ್ವರಸ್ಥಾನ ಕೆಳಗೆ. ಬರೆಯುವಾಗ ಅಷ್ಟೇ ಅಂತರವನ್ನು ಮೇಲಕ್ಕೆ ಸೇರಿಸಿ ಬರೆಯಬೇಕು.

ನನ್ನ ಸಂಯೋಜನೆಯಲ್ಲಿ ಎರಡನೆಯ ಕ್ಲಾರಿನೆಟ್ಟುಗಳೂ ಹಾರ್ನುಗಳೂ ಸರಿಯಾಗಿ 2 ಸ್ವರಸ್ಥಾನ ಕೆಳಗಿದ್ದವು. ಲಕ್ಷಣ ಒಂದೇ ಆದದ್ದರಿಂದ ಕಾರಣವೂ ಒಂದೇ ಎಂದು ಭಾವಿಸಿ ಒಂದು ಸಂಜೆಯನ್ನು ಕಳೆದುಕೊಂಡೆ. ವಾಸ್ತವದಲ್ಲಿ ಕಾರಣಗಳು ಎರಡಿದ್ದವು. ಕ್ಲಾರಿನೆಟ್ ಕಾಗದವನ್ನು ಮುದ್ರಿಸುವಾಗ ತಂತ್ರಾಂಶದಲ್ಲಿ ಎಲ್ಲವನ್ನೂ ಕೇಳಿಸುವ ಶ್ರುತಿಯಲ್ಲೇ ತೋರಿಸುವ 'ಕನ್ಸರ್ಟ್ ಪಿಚ್' ಆಯ್ಕೆಯನ್ನು ತೆಗೆಯದೆ ಬಿಟ್ಟಿದ್ದೆ. ಹಾರ್ನಿನ ಕಾಗದ ಎಫ್ ಹಾರ್ನಿಗೆ ಸರಿಯಾಗಿಯೇ ಇತ್ತು, ಆದರೆ ಆ ಕಾಲೇಜಿನಲ್ಲಿದ್ದದ್ದು ಈ ಫ್ಲಾಟ್ ಹಾರ್ನುಗಳು. ಎಫ್ ವಾದ್ಯಕ್ಕೆ ಬರೆದದ್ದನ್ನು ಈ ಫ್ಲಾಟ್ ವಾದ್ಯದಲ್ಲಿ ಓದಿದರೆ 2 ಸ್ವರಸ್ಥಾನ ಕೆಳಗೆ ಕೇಳಿಸುತ್ತದೆ. ಹೀಗೆ ಎರಡೂ ವಿಭಾಗಗಳು ತಮ್ಮೊಳಗೆ ಚೆನ್ನಾಗಿ ಹೊಂದಿಕೊಂಡು, ಉಳಿದ ಬ್ಯಾಂಡು ಜಿ ಷಡ್ಜದಲ್ಲಿರುವಾಗ ಎಫ್ ಷಡ್ಜದಲ್ಲಿ ಶುದ್ಧವಾಗಿ ನುಡಿಸುತ್ತಿದ್ದವು. ಹಾರ್ನ್ ಎಂದು ಕೇಳಿದ ಮಾತ್ರಕ್ಕೆ ಯಾವ ಹಾರ್ನ್ ಎಂದು ಊಹಿಸಿಕೊಳ್ಳಬಾರದು. ವಾದ್ಯವನ್ನು ಕಣ್ಣಾರೆ ನೋಡಿ, ಒಂದು ಸ್ವರ ನುಡಿಸಿ ಕೇಳಿ, ಆಮೇಲೆ ಬರೆಯಬೇಕು.

ಯುಫೋನಿಯಂ ವಿಷಯದಲ್ಲೂ ಇದೇ ಎಚ್ಚರ ಅಗತ್ಯ. ಕೆಲವರು ಬಾಸ್ ಕ್ಲೆಫ್ (ಕೆಳಸ್ವರಗಳಿಗೆಂದು ಗೆರೆಗಳ ಆರಂಭದಲ್ಲಿ ಹಾಕುವ ಗುರುತು) ಓದುತ್ತಾರೆ, ಅವರಿಗೆ ಕೇಳಿಸುವಂತೆಯೇ ಬರೆಯಬೇಕು. ಟ್ರಂಪೆಟ್ಟಿನಿಂದ ಬಂದವರು ಟ್ರೆಬಲ್ ಕ್ಲೆಫ್ (ಮೇಲುಸ್ವರಗಳ ಗುರುತು) ಓದುತ್ತಾರೆ, ಅವರಿಗೆ ಟೆನರ್ ಸ್ಯಾಕ್ಸೊಫೋನಿನಂತೆಯೇ ಒಂದು ಸ್ಥಾಯಿ ಮತ್ತು 2 ಸ್ವರಸ್ಥಾನ ಮೇಲೆ ಬರೆಯಬೇಕು. ತುರ್ತಿಗೆ ಒದಗುವ ಒಂದು ಉಪಾಯವೂ ಇದೆ: ಬ್ಯಾರಿಟೋನ್ ಸ್ಯಾಕ್ಸೊಫೋನ್ ವಾದಕನು ಟ್ಯೂಬಾದ ಬಾಸ್ ಕ್ಲೆಫ್ ಕಾಗದವನ್ನೇ ಟ್ರೆಬಲ್ ಕ್ಲೆಫ್ ಎಂದು ಓದಿ, ಸಾಲಿನ ಆರಂಭದ ಗುರುತುಗಳಿಗೆ ಮೂರು ಶಾರ್ಪ್ (ಸ್ವರವನ್ನು ಒಂದು ಸ್ವರಸ್ಥಾನ ಏರಿಸುವ ಗುರುತು) ಸೇರಿಸಿಕೊಂಡರೆ ಅಥವಾ ಮೂರು ಫ್ಲಾಟ್ (ಇಳಿಸುವ ಗುರುತು) ಕಳೆದುಕೊಂಡರೆ ಅದೇ ಸ್ವರಗಳು ಬರುತ್ತವೆ. ನಡುವೆ ಬರುವ ಬಿಡಿ ಶಾರ್ಪ್ ಫ್ಲಾಟುಗಳನ್ನು ಮಾತ್ರ ಕೈಯಿಂದ ತಿದ್ದಿಕೊಳ್ಳಬೇಕು.

ಗಾಂಧಾರ ಹೊಂದದಿರುವುದು

ವರ್ಗಾವಣೆಯನ್ನು ತಿದ್ದಿದ ಮೇಲೂ ನಮ್ಮ ಬ್ಯಾಂಡು ಶುದ್ಧವಾಗಲಿಲ್ಲ. ಈಗ ತಪ್ಪುಗಳು ಒಂದೇ ವಿಭಾಗದಲ್ಲಿರದೆ ಅಲ್ಲಲ್ಲಿ ಚೆದುರಿದ್ದವು: ಒಮ್ಮೆ ಸ್ಯಾಕ್ಸೊಫೋನಿನ ಬೆರಳು ತಪ್ಪುವುದು, ಒಮ್ಮೆ ಕ್ಲಾರಿನೆಟ್ ಕೀಚಲಾಗುವುದು, ನಿಲುಗಡೆಯ ಸ್ವರಗುಚ್ಛ (ಒಟ್ಟಿಗೆ ನುಡಿಸುವ ಹಲವು ಸ್ವರಗಳು) ಬಂದಾಗಲೆಲ್ಲ ಗಾಂಧಾರ ಕುಟುಕುವುದು. ಚೆದುರಿದ ತಪ್ಪುಗಳನ್ನು ಕಂಡಾಗ ಮೊದಲು ಅನುಮಾನಿಸಬೇಕಾದದ್ದು ಷಡ್ಜದ ಆಯ್ಕೆಯನ್ನು.

ಬಿಳಿ ಐದು ಹಾಡುವವರಿಗೆ ಸುಖ, ಊದುವವರಿಗೆ ಕಷ್ಟ. ಕೇಳಿಸುವ ಜಿ ಎಂದರೆ ಕ್ಲಾರಿನೆಟ್ ಮತ್ತು ಟ್ರಂಪೆಟ್ಟಿಗೆ ಎ, ಅಂದರೆ ಮೂರು ಶಾರ್ಪ್; ಆಲ್ಟೊ ಸ್ಯಾಕ್ಸೊಫೋನಿಗೆ ಇ, ಅಂದರೆ ನಾಲ್ಕು ಶಾರ್ಪ್. ಇದು ಓದುವ ಕಷ್ಟ ಮಾತ್ರವಲ್ಲ, ವಾದ್ಯದ ರಚನೆಯ ಕಷ್ಟವೂ ಹೌದು.

ಕ್ಲಾರಿನೆಟ್ಟನ್ನು ನೋಡಿ. ಅದರ ಕೆಳಗಿನ ಸ್ಥಾಯಿ ಮುಗಿದು ಮೇಲಿನದು ಆರಂಭವಾಗುವ ಒಂದು ಸಂಧಿಸ್ಥಳವಿದೆ: ಬರೆಯುವ ಲೆಕ್ಕದಲ್ಲಿ ನಡುಗೆರೆಯ ಬಿ ಫ್ಲಾಟ್ ಮತ್ತು ಬಿ ಇವುಗಳ ನಡುವೆ. ಸಂಧಿಯ ಕೆಳಗಿನ ಜಿ, ಎ ಸ್ವರಗಳಿಗೆ ಬಹುತೇಕ ಬೆರಳುಗಳೆಲ್ಲ ತೆರೆದಿರುತ್ತವೆ, ಧ್ವನಿ ಮಂಕು. ಸಂಧಿ ದಾಟಿದ ಬಿಗೆ ಎಲ್ಲ ಬೆರಳುಗಳನ್ನೂ ಒಟ್ಟಿಗೆ ಮುಚ್ಚಿ ಸ್ಥಾಯಿಕೀಲಿಯನ್ನು ಒತ್ತಬೇಕು. ಜಿ ಷಡ್ಜದಲ್ಲಿ ಕ್ಲಾರಿನೆಟ್ಟಿನ ಸ-ರಿ, ರಿ-ಸ ಎಂಬ ಚಲನೆ ಎ ಮತ್ತು ಬಿಗಳ ನಡುವೆ, ಅಂದರೆ ಕರಾರುವಾಕ್ಕಾಗಿ ಆ ಸಂಧಿಯ ಮೇಲೆಯೇ ಬೀಳುತ್ತದೆ. ನಾನು ಪಲ್ಲವಿಯ ತುಂಬ ಸರಿಸರಿ ಎಂದು ಬರೆದು, ಆ ಆರು ಮಂದಿ ಮಕ್ಕಳಿಗೆ ಇನ್ನೂ ಅಭ್ಯಾಸ ಮಾಡಿ ಎಂದು ಹೇಳಿ ಕಳುಹಿಸಿದ್ದೆ. ಅದನ್ನು ನೆನೆದರೆ ಈಗಲೂ ನನಗೆ ಬೇಸರವಾಗುತ್ತದೆ.

ಟ್ರಂಪೆಟ್ಟಿನಲ್ಲಿ ವಿಷಯ ಇನ್ನೂ ಸೂಕ್ಷ್ಮ. ಎರಡನೆಯ ವಾಲ್ವ್ ಶ್ರುತಿಯನ್ನು 1 ಸ್ವರಸ್ಥಾನ, ಮೊದಲನೆಯದು 2, ಮೂರನೆಯದು 3 ಸ್ವರಸ್ಥಾನ ಇಳಿಸುತ್ತವೆ. ಪ್ರತಿ ವಾಲ್ವಿನ ಹೆಚ್ಚುವರಿ ಕೊಳವೆಯನ್ನು ಖಾಲಿ ವಾದ್ಯದ ಉದ್ದಕ್ಕೆ ಲೆಕ್ಕ ಹಾಕಿ ಮಾಡಿರುತ್ತಾರೆ; ಒಂದು ವಾಲ್ವ್ ಒತ್ತಿ ಕೊಳವೆ ಆಗಲೇ ಉದ್ದವಾಗಿರುವಾಗ ಇನ್ನೊಂದನ್ನು ಒತ್ತಿದರೆ ಬೇಕಾದಷ್ಟು ಉದ್ದ ಸಿಗುವುದಿಲ್ಲ, ಸ್ವರ ಮೇಲಕ್ಕೆ ನಿಲ್ಲುತ್ತದೆ. ಮೊದಲನೆಯದು ಮತ್ತು ಮೂರನೆಯದು ಸೇರಿದಾಗ ಇದು ಕೇಳಿಸುತ್ತದೆ, ಮೂರನ್ನೂ ಒತ್ತಿದಾಗ ಅತಿ ಹೆಚ್ಚು. ಇನ್ನೊಂದು ಕಡೆ, ಷಡ್ಜದೊಡನೆ ಶುದ್ಧವಾಗಿ ಬೆರೆಯುವ ಅಂತರ ಗಾಂಧಾರ 386 ಸೆಂಟಿನಲ್ಲಿದೆ. ಹಾರ್ಮೋನಿಯಂನ ಗಾಂಧಾರ 400 ಸೆಂಟಿನಲ್ಲಿ. ಅಂದರೆ ನೀಳವಾಗಿ ಹಿಡಿದ ಸ್ವರಗುಚ್ಛದಲ್ಲಿ ಗಾಂಧಾರ 14 ಸೆಂಟಿನಷ್ಟು ಇಳಿದರೆ ಹಿತ. ಜಿ ಷಡ್ಜದ ಕೆಳ ಗಾಂಧಾರ ಟ್ರಂಪೆಟ್ಟಿನ ಕಾಗದದಲ್ಲಿ ಗೆರೆಗಳ ಕೆಳಗಿನ ಸಿ ಶಾರ್ಪ್. ಅದಕ್ಕೆ ಒತ್ತಬೇಕಾದದ್ದು ಮೂರೂ ವಾಲ್ವುಗಳನ್ನು. ಇಳಿಯಬೇಕಾದ ಸ್ವರವೇ ವಾದ್ಯದಲ್ಲಿ ಅತ್ಯಂತ ಏರಿ ನಿಲ್ಲುವ ಸ್ವರವಾಗಿತ್ತು. ಮೂರನೆಯ ವಾಲ್ವಿನ ಜಾರುಕೊಳವೆಯನ್ನು ಬೆರಳಿನಿಂದ ಹೊರಕ್ಕೆ ತಳ್ಳಿ ಇದನ್ನು ಸರಿದೂಗಿಸುವ ಕ್ರಮವಿದೆ. ನಮ್ಮ ಹುಡುಗರಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ಕೆಲವು ವಾದ್ಯಗಳಲ್ಲಿ ಆ ಕೊಳವೆ ಸವೆದು ಅಂಟಿಕೊಂಡಿತ್ತು.

ಷಡ್ಜವನ್ನು ಬಿ ಫ್ಲಾಟಿಗೆ, ಅಂದರೆ ಕಪ್ಪು ಐದಕ್ಕೆ ಏರಿಸಿದಾಗ ಆದ ಬದಲಾವಣೆಯನ್ನು ಕಿವಿಯಾರೆ ಕೇಳಬೇಕು. ಕ್ಲಾರಿನೆಟ್ಟಿನ ಮೇಲು ಸ-ರಿ ಈಗ ಸಿ ಮತ್ತು ಡಿ, ಸಂಧಿಯನ್ನು ದಾಟಿದ ಮೇಲಿನ ಸುಗಮವಾದ ಜಾಗ. ಟ್ರಂಪೆಟ್ಟಿನ ಸ, ಪ ಎರಡೂ ವಾಲ್ವ್ ಒತ್ತದ ಸ್ವರಗಳು. ಮೇಲು ಗಾಂಧಾರ ಬರೆಯುವ ಲೆಕ್ಕದಲ್ಲಿ ನಾಲ್ಕನೆಯ ಎಡೆಯ ಇ. ಅದು ವಾಲ್ವ್ ಒತ್ತದ ಕೊಳವೆಯ ಐದನೆಯ ಸಹಜಸ್ವರ (ಕೊಳವೆಯ ಉದ್ದ ಬದಲಿಸದೆ ತುಟಿಯ ಬಿಗಿಯಿಂದಲೇ ಬರುವ ಸ್ವರಗಳ ಸಾಲಿನಲ್ಲಿ ಐದನೆಯದು), ಸ್ವಭಾವದಿಂದಲೇ ಹಾರ್ಮೋನಿಯಂಗಿಂತ ಸುಮಾರು 14 ಸೆಂಟ್ ಇಳಿದಿರುತ್ತದೆ. ಯಾರೂ ಏನೂ ಮಾಡದೆಯೇ ಗಾಂಧಾರ ತಂಬೂರಿಯ ನಾದದಲ್ಲಿ ಕುಳಿತಂತೆ ಕುಳಿತಿತು. ಹಾಡುವವರೂ ಜೊತೆಯಲ್ಲಿದ್ದು ಮೂರು ಸ್ವರಸ್ಥಾನ ಏರಿಸುವುದು ಸಾಧ್ಯವಿಲ್ಲದಿದ್ದರೆ ಕಪ್ಪು ನಾಲ್ಕು, ಅಂದರೆ ಎ ಫ್ಲಾಟ್ ಒಂದು ನಡುದಾರಿ: ಹಾಡುವವರಿಗೆ ಒಂದೇ ಸ್ವರಸ್ಥಾನ ಏರಿಕೆ, ಕ್ಲಾರಿನೆಟ್ಟಿಗೆ ಎರಡು ಫ್ಲಾಟ್, ಆಲ್ಟೊ ಸ್ಯಾಕ್ಸೊಫೋನಿಗೆ ಒಂದು.

ತಳದ ಗೊರಗೊರ

ಕೆಳ ವಾದ್ಯಗಳ ಸದ್ದು ಕಲಸಿದಂತೆ ಕೇಳಿಸಿದರೆ ಟ್ರಾಂಬೋನ್ ಮತ್ತು ಟ್ಯೂಬಾಗಳನ್ನು ಮಾತ್ರ ನುಡಿಸಿ, ಸ್ವರಗುಚ್ಛದ ನಡುವಿನ ಸ್ವರವನ್ನು ಒಂದು ಸ್ಥಾಯಿ ಮೇಲಕ್ಕೆ ನುಡಿಸಲು ಹೇಳಿ. ಕೂಡಲೇ ತಿಳಿಯಾದರೆ ದೋಷ ಅಂತರದಲ್ಲಿದೆ. ಒಂದು ಸ್ವರದ ಸಹಜಸ್ವರಗಳು ಕೆಳಗೆ ದೂರದೂರವಾಗಿ, ಮೇಲೆ ಹೋದಂತೆ ಹತ್ತಿರವಾಗಿ ಇರುತ್ತವೆ; ನಾವೂ ಹಾಗೆಯೇ ಬರೆಯಬೇಕು. ಬಾಸ್ ಕ್ಲೆಫಿನ ಎರಡನೆಯ ಎಡೆಯ ಸಿಗಿಂತ ಕೆಳಗೆ ಸ್ಥಾಯಿ ಅಥವಾ ಪಂಚಮದ ಅಂತರವನ್ನು ಮಾತ್ರ ಬಳಸುವುದು ನಾನು ಈಗ ಪಾಲಿಸುವ ನಿಯಮ. ಗಾಂಧಾರ ಅಲ್ಲಿಗೆ ಇಳಿಯಬಾರದು.

ನಾನು ಮೂರು ಟ್ರಾಂಬೋನುಗಳಿಗೆ ಜಿ, ಬಿ, ಡಿ ಎಂದು ತಳದಲ್ಲಿ ಒತ್ತೊತ್ತಾಗಿ ಬರೆದಿದ್ದೆ. ಅದರಲ್ಲಿ ಇನ್ನೊಂದು ತೊಂದರೆಯೂ ಅಡಗಿತ್ತು. ಜಿ ಮತ್ತು ಡಿ ಟ್ರಾಂಬೋನಿನ ಜಾರುಕೊಳವೆಯ ನಾಲ್ಕನೆಯ ಸ್ಥಾನದಲ್ಲಿವೆ. ಆ ಬಿ ಮಾತ್ರ ಏಳನೆಯ, ಅಂದರೆ ಕೈ ಪೂರ್ತಿ ಚಾಚಬೇಕಾದ ಕೊನೆಯ ಸ್ಥಾನದಲ್ಲಿದೆ. ಎಫ್ ಜೋಡಣೆಯ (ಕೈ ಚಾಚದೆ ಕೊಳವೆಯನ್ನು ಉದ್ದವಾಗಿಸುವ) ವಾಲ್ವ್ ಇಲ್ಲದ ವಾದ್ಯದಲ್ಲಿ ಎರಡನೆಯ ಟ್ರಾಂಬೋನ್ ಹುಡುಗನಿಗೆ ಆ ಗಾಂಧಾರ ತಡವಾಗಿ, ಸ್ವಲ್ಪ ತಪ್ಪಿ ಸಿಗುತ್ತಿದ್ದದ್ದು ಅವನ ಸೋಮಾರಿತನದಿಂದಲ್ಲ. ಬಿ ಫ್ಲಾಟ್ ಷಡ್ಜದಲ್ಲಿ ಇದನ್ನೇ ಬಿಡಿಸಿ ಕೆಳಗೆ ಬಿ ಫ್ಲಾಟ್, ಅದರ ಮೇಲೆ ಎಫ್, ಗಾಂಧಾರವಾದ ಡಿಯನ್ನು ಒಂದು ಸ್ಥಾಯಿ ಮೇಲಕ್ಕೆ ಎಂದು ಬರೆದಾಗ ಮೂರೂ ಸ್ವರಗಳು ಮೊದಲನೆಯ ಸ್ಥಾನದಲ್ಲೇ ಬಂದವು, ಕೈ ಅಲ್ಲಾಡಿಸುವ ಅಗತ್ಯವೇ ಇರಲಿಲ್ಲ. ಆ ಡಿ ಕೂಡ ಐದನೆಯ ಸಹಜಸ್ವರವೇ.

ರಾಗ ಕಾಣೆಯಾಗುವುದು

ಸ್ವರಗಳು ಶುದ್ಧವಾಗಿದ್ದು, ರಾಗ ಮಾತ್ರ ಬೇರೆಯದಾಗಿ ಕೇಳಿಸಿದರೆ ಈ ಪರೀಕ್ಷೆ ಮಾಡಿ. ಹಾಡಿನ ಧಾಟಿ ಮತ್ತು ಟ್ಯೂಬಾ ಎರಡನ್ನೇ ನುಡಿಸಿ. ನಂತರ ಒಳಗಿನ ಸಾಲುಗಳನ್ನು ಒಂದೊಂದಾಗಿ ಸೇರಿಸುತ್ತ ಬನ್ನಿ. ಯಾವ ಸಾಲು ಸೇರಿದಾಗ ರಾಗ ಕದಲುತ್ತದೆಯೋ ಅಲ್ಲಿ ಪರಸ್ವರ, ಅಂದರೆ ರಾಗಕ್ಕೆ ಸೇರದ ಸ್ವರವಿದೆ. ನಮ್ಮಲ್ಲಿ ಟ್ಯೂಬಾ ಸೇರಿದ ಕೂಡಲೇ ಕದಲಿತು.

ಮೋಹನಕ್ಕೆ ಸ, ಚತುಶ್ರುತಿ ರಿ, ಅಂತರ ಗ, ಪ, ಚತುಶ್ರುತಿ ಧ ಎಂಬ ಐದೇ ಸ್ವರಗಳು. ಮ, ನಿ ವರ್ಜ್ಯ. ಪಾಶ್ಚಾತ್ಯ ಪಾಠದ ಅಭ್ಯಾಸಬಲದಿಂದ ನಾನು ಟ್ಯೂಬಾವನ್ನು ಸ, ಮ, ಪ ಎಂದು ನಡೆಸಿ, ಪಂಚಮದ ಮೇಲೆ ಪನಿರಿ ಎಂಬ ಸ್ವರಗುಚ್ಛವನ್ನು ಕಟ್ಟಿದ್ದೆ. ನಿಲುಗಡೆಗೆ ಮೊದಲು ಅದಕ್ಕೆ ಮಧ್ಯಮವನ್ನೂ ಸೇರಿಸಿದ್ದೆ. ವರ್ಜ್ಯವಾದ ಎರಡು ಸ್ವರಗಳನ್ನೂ ಬ್ಯಾಂಡಿನ ಅತಿ ಬಲವಾದ ವಾದ್ಯಗಳಿಗೆ ಕೊಟ್ಟಮೇಲೆ ಫ್ಲೂಟ್ ಎಷ್ಟು ಶುದ್ಧವಾಗಿ ಮೋಹನ ನುಡಿಸಿದರೇನು, ಕೇಳುವವರ ಕಿವಿಗೆ ಬೀಳುವುದು ಶಂಕರಾಭರಣವೇ. ಮೋಹನದ ಒಳಗಿನಿಂದಲೇ ಸಿಗುವ ಗುಚ್ಛಗಳು ಎರಡೇ: ಸಗಪ ಮತ್ತು ಧಸಗ. ಇವುಗಳ ಜೊತೆಗೆ ಗಾಂಧಾರವಿಲ್ಲದ ತೆರೆದ ಪಂಚಮಗಳಾಗಿ ಸಪ, ಪರಿ, ರಿಧ ಒದಗುತ್ತವೆ. ಇಷ್ಟರಲ್ಲೇ ಬರೆಯುವುದು ಬಡತನವೆಂದು ಮೊದಲಿಗೆ ಅನ್ನಿಸುತ್ತದೆ, ಆದರೆ ಯುಫೋನಿಯಂ ಸ ಹಿಡಿದು ಟ್ರಾಂಬೋನುಗಳು ಪರಿ, ರಿಧ ಎಂದು ನಿಧಾನವಾಗಿ ಬದಲಾಗುವಾಗ ಬರುವ ಗಾಂಭೀರ್ಯ ಹೊರಗಿನ ಗುಚ್ಛಗಳಿಂದ ಬರುವುದಿಲ್ಲ. ಹಂಸಧ್ವನಿಯ ಅದೃಷ್ಟ ದೊಡ್ಡದು: ಅದರ ಸ, ರಿ, ಗ, ಪ, ನಿ ಸ್ವರಗಳಲ್ಲೇ ಸಗಪ, ಪನಿರಿ, ಗಪನಿ ಮೂರೂ ಸಿಗುತ್ತವೆ. ಬ್ಯಾಂಡಿಗೆ ಮೊದಲ ಬಾರಿ ಬರೆಯುವವರು ಅಲ್ಲಿಂದ ಆರಂಭಿಸಲಿ ಎಂಬುದು ನನ್ನ ಸಲಹೆ.

ಗಮಕದ ಪ್ರಶ್ನೆ ಬೇರೆ. ನಾಲ್ಕು ಟ್ರಂಪೆಟ್ಟುಗಳು ಒಟ್ಟಿಗೆ ಒಂದು ಗಾಂಧಾರವನ್ನು ಕಂಪಿಸಿದರೆ ನಾಲ್ಕು ಬಗೆಯ ಕಂಪನಗಳು ಹೊರಬಂದು ಅದು ಶ್ರುತಿದೋಷವೆಂದೇ ಕೇಳಿಸುತ್ತದೆ. ಒಟ್ಟಾಗಿ ನುಡಿಸುವಲ್ಲಿ ಸ್ವರಗಳನ್ನು ನೇರವಾಗಿ ಬರೆದು, ಗಮಕವನ್ನು ಒಬ್ಬರೇ ನುಡಿಸುವ ಜಾಗಗಳಿಗೆ ಉಳಿಸಬೇಕು. ಪಾಶ್ಚಾತ್ಯ ಬ್ಯಾಂಡಿನ ಧಾಟಿಗಳಿಗೆ ಮುತ್ತುಸ್ವಾಮಿ ದೀಕ್ಷಿತರು ಸಾಹಿತ್ಯ ಹೊಂದಿಸಿದ ನೊಟ್ಟುಸ್ವರಗಳು ಶಂಕರಾಭರಣದ ಸ್ವರಗಳಲ್ಲಿ ಗಮಕದ ಭಾರವಿಲ್ಲದೆ ನಡೆಯುವುದರಿಂದಲೇ ಬ್ಯಾಂಡಿಗೆ ಸಲೀಸು. ತೋಡಿ, ಸಹಾನಗಳನ್ನು ಹಾಗೆ ನಡೆಸಲಾಗದು. ಒಬ್ಬರೇ ನುಡಿಸುವಾಗ ಎಲ್ಲಕ್ಕಿಂತ ಚೆನ್ನಾಗಿ ಒಲಿಯುವುದು ಸ್ಯಾಕ್ಸೊಫೋನ್. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಆ ವಾದ್ಯವನ್ನು ಕೇಳಿ ಮನಸೋತ ದಕ್ಷಿಣ ಕನ್ನಡದ ನಾಗಸ್ವರ ಮನೆತನದ ಕದ್ರಿ ಗೋಪಾಲನಾಥರು ಅದರಲ್ಲಿ ಮಾರ್ಪಾಡುಗಳನ್ನು ಮಾಡಿಕೊಂಡು ಪೂರ್ಣ ಕರ್ನಾಟಕ ಸಂಗೀತ ಕಛೇರಿಯನ್ನೇ ನಡೆಸಿ ತೋರಿಸಿದರು.

ಜಾರು (ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಗಮಕ) ಎಂದರೆ ಟ್ರಾಂಬೋನ್ ಎಂದು ಎಲ್ಲರಿಗೂ ಹೊಳೆಯುತ್ತದೆ, ಆದರೆ ಎಲ್ಲ ಜಾರುಗಳೂ ಅದರಲ್ಲಿ ಬರುವುದಿಲ್ಲ. ಜಾರುವ ಎರಡು ಸ್ವರಗಳೂ ಒಂದೇ ಸಹಜಸ್ವರದ ಸಾಲಿನಲ್ಲಿದ್ದು ಏಳು ಸ್ಥಾನಗಳೊಳಗೆ ಬೀಳಬೇಕು. ಬಿ ಫ್ಲಾಟ್ ಷಡ್ಜದಲ್ಲಿ ಕೆಳಗಿನ ಗ ಸ್ವರದಿಂದ ಪ ಸ್ವರಕ್ಕೆ ನಾಲ್ಕನೆಯ ಸ್ಥಾನದಿಂದ ಮೊದಲನೆಯದಕ್ಕೆ ಜಾರಬಹುದು. ಧದಿಂದ ಮೇಲು ಸಕ್ಕೂ ಹಾಗೆಯೇ. ಮೇಲು ಸದಿಂದ ಗವರೆಗೆ ಜಾರಬೇಕಾದರೆ ಸವನ್ನು ಮೊದಲನೆಯ ಸ್ಥಾನದ ಬದಲು ಐದನೆಯ ಸ್ಥಾನದಲ್ಲಿ ಹಿಡಿಯಲು ಕಾಗದದಲ್ಲೇ ಸೂಚಿಸಬೇಕು. ಕೆಳಗಿನ ಸದಿಂದ ರಿಗೆ ಜಾರು ಆಗುವುದಿಲ್ಲ. ಬರೆದರೆ ನಡುವೆ ಒಡಕು ಕೇಳಿಸುತ್ತದೆ.

ಧಾಟಿ ಕೇಳಿಸದಿರುವುದು, ತುಟಿ ಸೋಲುವುದು

ಮುಂದೆ ನಿಂತು ನಿರ್ದೇಶಿಸುವವರಿಗೆ ಎಲ್ಲವೂ ಕೇಳಿಸುತ್ತದೆ. ಆದ್ದರಿಂದ ಬ್ಯಾಂಡನ್ನು ನುಡಿಸಲು ಬಿಟ್ಟು ಸಭಾಂಗಣದ ಕೊನೆಯ ಸಾಲಿಗೆ ಹೋಗಿ ನಿಲ್ಲಬೇಕು. ಅಲ್ಲಿ ಧಾಟಿ ಕೇಳಿಸದಿದ್ದರೆ ಕಾಗದದಲ್ಲಿ ಜೋರು, ಮೆಲು ಎಂಬ ಗುರುತುಗಳನ್ನು ಬದಲಿಸುವುದರಿಂದ ಹೆಚ್ಚು ಪ್ರಯೋಜನವಿಲ್ಲ. ಫ್ಲೂಟಿನ ಕೆಳಗಿನ ಅರ್ಧ ಸ್ಥಾಯಿ ಸ್ವಭಾವದಿಂದಲೇ ಮೃದು. ಟ್ರಂಪೆಟ್ ಅದರ ಜೊತೆಯಲ್ಲಿ ಎಷ್ಟು ಮೆಲ್ಲಗೆ ನುಡಿಸಿದರೂ ಅದನ್ನು ಮುಚ್ಚುತ್ತದೆ. ಫ್ಲೂಟನ್ನು ಒಂದು ಸ್ಥಾಯಿ ಏರಿಸಿ, ಅದೇ ಧಾಟಿಯನ್ನು ಕೆಳಗೆ ಇಬ್ಬರು ಕ್ಲಾರಿನೆಟ್ ವಾದಕರಿಗೆ ಕೊಟ್ಟು, ಟ್ರಂಪೆಟ್ಟುಗಳಿಗೆ ಅಲ್ಲಿ ವಿರಾಮ ಬರೆದರೆ ಸಮಸ್ಯೆ ಮುಗಿಯುತ್ತದೆ. ವಿರಾಮವೂ ಸಂಯೋಜನೆಯ ಭಾಗವೇ.

ಮೂರನೆಯ ನಿಮಿಷಕ್ಕೆ ಟ್ರಂಪೆಟ್ ಒಡೆಯುವುದಕ್ಕೂ ಇದೇ ಮದ್ದು. ಕಾರಣ ಖಚಿತವಾಗಬೇಕಾದರೆ ಒಡೆಯುವ ಜಾಗದಿಂದಲೇ ತಾಲೀಮನ್ನು ಆರಂಭಿಸಿ ನೋಡಿ. ಆಗ ಸರಿಯಾಗಿ ಬಂದರೆ ಸ್ವರ ಅವರ ಎತ್ತರಕ್ಕೆ ಮೀರಿದ್ದಲ್ಲ. ಅದಕ್ಕೆ ಮೊದಲು ತುಟಿಗೆ ರಕ್ತ ಹರಿಯಲು ಬಿಡುವು ಸಿಕ್ಕಿಲ್ಲ ಅಷ್ಟೇ. ಆಗಲೂ ಒಡೆದರೆ ಸ್ವರವನ್ನು ಇಳಿಸಬೇಕು. ಕಾಲೇಜಿನ ಮಟ್ಟದಲ್ಲಿ ಟ್ರಂಪೆಟ್ ಧಾಟಿಯನ್ನು ಗೆರೆಗಳ ಮೇಲೆ ಕೂರುವ ಜಿಗಿಂತ ಮೇಲಕ್ಕೆ ಒಯ್ಯದಿರುವುದು ಕ್ಷೇಮ. ನಮ್ಮ ಪಲ್ಲವಿಗೆ ನಾಲ್ಕು ಸಂಗತಿಗಳಿದ್ದವು (ಒಂದೇ ಸಾಲನ್ನು ಬೆಳೆಸುತ್ತ ನುಡಿಸುವ ರೂಪಗಳು), ನಾಲ್ಕನ್ನೂ ಟ್ರಂಪೆಟ್ಟಿಗೇ ಬರೆದಿದ್ದೆ. ತಿದ್ದುವಾಗ ಮೊದಲನೆಯದನ್ನು ಕ್ಲಾರಿನೆಟ್ಟಿಗೆ, ಎರಡನೆಯದನ್ನು ಸ್ಯಾಕ್ಸೊಫೋನಿಗೆ, ಮೂರನೆಯದನ್ನು ಯುಫೋನಿಯಂಗೆ ಕೊಟ್ಟು, ನಾಲ್ಕನೆಯದನ್ನು ಮಾತ್ರ ಟ್ರಂಪೆಟ್ಟಿಗೆ ಉಳಿಸಿದೆ. ಟ್ಯೂಬಾಗೆ ಎಲ್ಲರಿಗಿಂತ ಹೆಚ್ಚು ಗಾಳಿ ಬೇಕು. ಒಬ್ಬನೇ ವಾದಕನಿರುವಾಗ ಎರಡು ಆವರ್ತ ಹಿಡಿಯುವ ಷಡ್ಜವನ್ನು ಬರೆಯದೆ, ಉಸಿರು ತೆಗೆದುಕೊಳ್ಳುವ ಜಾಗವನ್ನು ನೀವೇ ಗುರುತಿಸಿಕೊಡಿ.

ಕವಾಯತಿನಲ್ಲಿ ನಡೆಯುತ್ತ ನುಡಿಸುವ ಸಂಯೋಜನೆಯಾದರೆ ತಾಳವನ್ನೂ ಪರಿಶೀಲಿಸಬೇಕು. ನಿಮಿಷಕ್ಕೆ 120 ಹೆಜ್ಜೆಯ ನಡಿಗೆಯಲ್ಲಿ ಆದಿತಾಳದ 8 ಎಣಿಕೆಗಳಿಗೆ ಸಮ (ಆವರ್ತದ ಮೊದಲ ಎಣಿಕೆ) ಯಾವಾಗಲೂ ಎಡಗಾಲಿಗೆ ಬೀಳುತ್ತದೆ. ಏಳು ಎಣಿಕೆಯ ಮಿಶ್ರಛಾಪುವಿನಲ್ಲಿ ಒಂದು ಆವರ್ತಕ್ಕೆ ಎಡಗಾಲು, ಮುಂದಿನದಕ್ಕೆ ಬಲಗಾಲು. ಇಲ್ಲಿ ತಿದ್ದುವುದೇನೂ ಇಲ್ಲ, ಬೇರೆ ಹಾಡನ್ನು ಆರಿಸಬೇಕು.

ಇಷ್ಟನ್ನೂ ಸರಿಪಡಿಸಿದ ಮೇಲೆ ನಮ್ಮಲ್ಲಿ ಒಂದು ದೋಷ ಉಳಿದಿತ್ತು: ಮೂರನೆಯ ಟ್ರಂಪೆಟ್ಟಿನ ಎಲ್ಲ ಸ್ವರಗಳೂ ಮಂಕಾಗಿ, ಸ್ವಲ್ಪ ಅಲುಗಿ ಬರುತ್ತಿದ್ದವು. ಕಾಗದವನ್ನು ಎರಡು ಬಾರಿ ನೋಡಿದೆ, ತಪ್ಪಿರಲಿಲ್ಲ. ಮೊದಲನೆಯ ಮತ್ತು ಮೂರನೆಯ ವಾದಕರಿಗೆ ವಾದ್ಯಗಳನ್ನು ಅದಲುಬದಲು ಮಾಡಿಕೊಂಡು, ತಮ್ಮ ತಮ್ಮ ಕಾಗದವನ್ನೇ ನುಡಿಸಲು ಹೇಳಿದೆ. ಮಂಕುತನ ಮೊದಲನೆಯವನ ಬಳಿಗೆ ಹೋಯಿತು. ನೀರು ಹೊರಬಿಡುವ ಕೀಲಿಯ ಬೆಂಡು ಒಣಗಿ ಸೀಳಿತ್ತು. ಗಾಳಿ ಅಲ್ಲಿಂದ ಸೋರುತ್ತಿತ್ತು. ಹೊಸ ಬೆಂಡು ಕೂರಿಸಲು ಹತ್ತು ನಿಮಿಷ ಸಾಕಾಯಿತು, ಆ ಹುಡುಗ ಅದೇ ಸಂಜೆ ತನ್ನ ಪಾಲನ್ನು ಶುದ್ಧವಾಗಿ ನುಡಿಸಿದ.